ಹೇಳಿಕೊಡದ ಮಾತು

"ನನ್ ಮಗ ತಾನೇ ವಿಷ ಕುಡ್ದ ಅಂತ ಪೊಲೀಸ್ನೋರು ಬರ್ಕೊಂಡವ್ರೆ ಮೇಡಮ್. ಅದೊಂದನ್ನ ಅಳಿಸ್ಕೊಡಿ, ಸಾಕು."

ಮುಳಬಾಗಿಲಿನ ಶರೀಫುನ್ನೀಸಾ ಹೀಗೆ ಕೇಳಿಕೊಂಡಾಗ ಅನಸೂಯಮ್ಮನವರ ಜಗಲಿಯಲ್ಲಿ ನಾನೂ ಇದ್ದೆ. ಅನಸೂಯಮ್ಮ ಕೋಲಾರದ ಕೋರ್ಟಿನಲ್ಲಿ ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಬೆರಳಚ್ಚು ಮಾಡಿದವರು. ನಾನು, ಗಂಗುಲಪ್ಪ, ಅಲ್ಲೇ ಸಮನ್ಸು ತಲುಪಿಸುವ ಅಮೀನನಾಗಿದ್ದೆ. ನಿವೃತ್ತಿಯಾದ ಮೇಲೂ ಊರಿನ ತಲೆನೋವೆಲ್ಲ ಅವರ ಮನೆಗೇ ಬರುತ್ತಿತ್ತು, ಸ್ಕೂಟರ್ ಓಡಿಸುವುದು ನನ್ನ ಪಾಲಿಗೆ.

ಯಲ್ದೂರಿನ ಮಾವಿನ ತೋಪಿನಲ್ಲಿ ಮೂವರು ಗೆಳೆಯರು ಕಿರುಚಿತ್ರ ತೆಗೆಯುತ್ತಿದ್ದರು. ವಿಷ ಕುಡಿಯುವ ದೃಶ್ಯದಲ್ಲಿ ನಟಿಸಿದ ಆಕೆಯ ಮಗ ಫರ್ಹಾನ್ ನಿಜವಾಗಿಯೇ ಸತ್ತ. ಬೆಲ್ಲದ ನೀರಿರಬೇಕಾದ ಬಾಟಲಿಯಲ್ಲಿ ಕೀಟನಾಶಕವಿತ್ತು. ಉಳಿದಿಬ್ಬರಲ್ಲಿ, ಅದನ್ನು ಕೊಟ್ಟವನು ಕಾಂತರಾಜ್ ಎಂದು ಫಯಾಜ್ ಹೇಳಿದರೆ, ಫಯಾಜ್ ಎಂದು ಕಾಂತರಾಜ್ ಹೇಳಿದ. ಚಿತ್ರೀಕರಿಸಿದ್ದು ಫಯಾಜ್, ಫೋನು ಮಾತ್ರ ಸಂಭಾಷಣೆ ಬರೆದ ಕಾಂತರಾಜನದು. ಕುಡಿದ ಮೇಲೆ ಫರ್ಹಾನ್, "ನಾನೇ ಕುಡಿದೆ, ಯಾರದ್ದೂ ತಪ್ಪಿಲ್ಲ" ಎನ್ನುವುದು ಆ ವಿಡಿಯೊದಲ್ಲಿತ್ತು. ಆ ಮಾತು ಸಂಭಾಷಣೆಯಲ್ಲಿರಲಿಲ್ಲ, ಅವನ ಸ್ವಂತದ್ದು ಎಂದು ಕಾಂತರಾಜ್ ಪೊಲೀಸರಿಗೆ ಹೇಳಿದ್ದ. ಅದು ಬರೆದ ಮಾತೇ ಎಂದ ಫಯಾಜ್‌ನನ್ನು ಅವರು ನಂಬಿರಲಿಲ್ಲ.

ಅನಸೂಯಮ್ಮ ಠಾಣೆಯಿಂದ ವಿಡಿಯೊ ತರಿಸಿಕೊಂಡು ಹತ್ತು ಸಲ ಕೇಳಿದರು. ಮಾರನೆಯ ದಿನ ಎಲ್ಲರನ್ನೂ ಕರೆಸಿದರು, ಪೊಲೀಸ್ ಪೇದೆಯೂ ಬಂದ.

"ಫರ್ಹಾನ್‌ಗೆ ಮಾತು ಬಾಯಿಪಾಠ ಇರ್ಲಿಲ್ಲ," ಎಂದು ಶುರುಮಾಡಿದರು. ಪ್ರತಿ ಮಾತಿಗೂ ಮುಂಚೆ ಕಾಂತರಾಜ್ ಮೆಲ್ಲಗೆ ಹೇಳಿಕೊಡುತ್ತಿದ್ದ, ಫರ್ಹಾನ್ ಎಡಕ್ಕೆ ನೋಡಿ ಕೇಳಿಸಿಕೊಂಡು ಆಮೇಲೆ ನುಡಿಯುತ್ತಿದ್ದ. ಡಬ್ಬಿಂಗ್‌ನಲ್ಲಿ ಆ ದನಿ ಹೋಗುತ್ತದೆಂದು ಯಾರೂ ತಲೆಕೆಡಿಸಿಕೊಂಡಿರಲಿಲ್ಲ. 'ಯಾರದ್ದೂ ತಪ್ಪಿಲ್ಲ' ಎನ್ನುವ ಮುಂಚೆಯೂ ಅವನು ಎಡಕ್ಕೆ ನೋಡಿದ್ದ. ಆದರೆ ಅಲ್ಲಿ ಹೇಳಿಕೊಟ್ಟ ದನಿಯಿಲ್ಲ, ವಿಡಿಯೊದುದ್ದಕ್ಕೂ ಕೇಳುವ ಪಂಪ್‌ಸೆಟ್ಟಿನ ಸದ್ದೂ ಇಲ್ಲ.

"ಪಂಪು ಎರಡೇ ಕ್ಷಣ ನಿಂತು ಮತ್ತೆ ಓಡಲ್ಲ. ಅಲ್ಲಿ ಸದ್ದು ಅಳಿಸಿದ್ದಾರೆ. ಪೊಲೀಸರ ಕೈ ಸೇರೋವರೆಗೂ ಫೋನ್ ಇದ್ದದ್ದು ನಿನ್ ಹತ್ರ ಕಾಂತರಾಜ್. ಆ ಮಾತು ಫರ್ಹಾನ್‌ದಲ್ಲ, ಪಾತ್ರದ್ದು. ಬಾಟಲಿ ಕೊಟ್ಟೋನು ನೀನಾಗಿರದಿದ್ರೆ ಅದನ್ನ ಮುಚ್ಚಿಡೋ ಗರಜು ನಿಂಗೇನಿತ್ತು?"

ಕಾಂತರಾಜ್ ಒಪ್ಪಿಕೊಂಡ. ತೋಪಿನ ಶೆಡ್ಡಿನಲ್ಲಿ ಒಂದೇ ಥರದ ಎರಡು ಬಾಟಲಿಗಳಿದ್ದವಂತೆ, ಅವಸರದಲ್ಲಿ ತಪ್ಪು ಬಾಟಲಿ ಕೈಗೆ ಬಂತಂತೆ. ಹೆದರಿ ಸತ್ತವನ ಮೇಲೆ ಹೊರಿಸಿದನಂತೆ. ಪೇದೆ ಹೇಳಿಕೆ ಬರೆದುಕೊಂಡ. ಶರೀಫುನ್ನೀಸಾ ಕೇಳಿದ್ದು ಆಗಿತ್ತು, ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

"ವಿಡಿಯೊ ಕೊನೇಲಿ ನನ್ ಮಗ 'ಅಮ್ಮಿ, ಉರೀತಿದೆ' ಅಂದ. ನೀವು ನೋಡ್ತಾ ನಿಂತಿದ್ರಿ."

ಚೆನ್ನಾಗಿ ನಟಿಸುತ್ತಿದ್ದಾನೆ ಅಂದುಕೊಂಡೆ ಎಂದು ಫಯಾಜ್ ಅತ್ತ. ಆಕೆ ಕಾಂತರಾಜನ ಕಡೆ ತಿರುಗಿದರು.

"ನೀನೂ ಹಂಗೇ ಅಂದ್ಕೊಂಡ್ಯಾ?"

"ಇಲ್ಲಮ್ಮ," ಎಂದ ಕಾಂತರಾಜ್. "ನಂಗೆ ಗೊತ್ತಾಯ್ತು. ಆ ಮಾತು ನಾನು ಹೇಳ್ಕೊಟ್ಟಿರ್ಲಿಲ್ಲ."