ಮುಂಬಾಗಿಲು ತೆರೆದಿದ್ದ ದಿನ

ಸತ್ತವನು ಕಲ್ಲಿದ್ದಲ ಬಕೆಟ್ ಹಿಡಿದುಕೊಂಡು ಎದುರಿಗೇ ಬರುತ್ತಿದ್ದ.

ವಿನಿ ನಿಂತಲ್ಲೇ ನಿಂತಳು. ನವೆಂಬರಿನ ಮಂಜು ಆಲ್ಮಾ ಬೀದಿಯನ್ನು ಅರ್ಧ ನುಂಗಿತ್ತು. ಎರಡೂ ಕಡೆ ಕಿಟಕಿಗೆ ಹಲಗೆ ಹೊಡೆದ ಮನೆಗಳು. ಸೋಮವಾರದಿಂದ ಇಡೀ ಬೀದಿಯನ್ನೇ ಕೆಡವುತ್ತಾರೆಂದು ಪೇಪರಿನಲ್ಲಿ ಓದಿ, ಹುಟ್ಟಿ ಬೆಳೆದ ಮನೆಯನ್ನು ಕೊನೆಯ ಸಲ ಕಣ್ತುಂಬಿಕೊಳ್ಳಲು ಅವಳು ಲೀಡ್ಸ್ ನಗರದಿಂದ ಬಂದಿದ್ದಳು. ಇಲ್ಲಿ ಯಾರೂ ಇರಲಾರರು ಎಂದುಕೊಂಡಿದ್ದಳು.

ಇದ್ದ. ನಾರ್ಮನ್. ಅದೇ ಎಡಕ್ಕೆ ವಾಲುವ ನಡಿಗೆ, ಅದೇ ಅಗಲ ಹಣೆ...

'ನಾನು ನಿನ್ನನ್ನು ಮುಟ್ಟಲಿಲ್ಲವಲ್ಲ, ಅದಕ್ಕೇ ಬಂದೆಯಾ?' ಎಂದು ಅವಳ ಮನಸ್ಸು ಕೇಳಿತು.

ಆ ಗಣಿ ಊರಿನಲ್ಲಿ ಒಂದು ನಂಬಿಕೆಯಿತ್ತು. ಹೆಣದ ಹಣೆ ಮುಟ್ಟಿ ಕಳಿಸಬೇಕು. ಮುಟ್ಟದಿದ್ದರೆ ಸತ್ತವರು ಕನಸಿನಲ್ಲಿ ಬಂದು ಕಾಡುತ್ತಾರೆ. ವಿನಿಗೆ ಏಳು ವರ್ಷವಾಗಿದ್ದಾಗ ಅವಳ ಅಪ್ಪ ಗಣಿಯಲ್ಲಿ ತೀರಿಕೊಂಡ. ಮುಂದಿನ ಕೋಣೆಯಲ್ಲಿ ಪರದೆ ಎಳೆದು ಶವಪೆಟ್ಟಿಗೆ ಇಟ್ಟಿದ್ದರು. ಅಜ್ಜಿ ಅವಳನ್ನು ಎತ್ತಿ ಹಿಡಿದು, "ಮುಟ್ಟು ಮಗಾ, ಆಮೇಲೆ ಅಪ್ಪ ಹೆದರಿಸಲ್ಲ" ಎಂದಿದ್ದಳು. ಮುಟ್ಟಿದ್ದಳು. ಆ ತಣುಪು ಇವತ್ತಿಗೂ ಬೆರಳ ತುದಿಯಲ್ಲಿತ್ತು.

ಅಂದು ಹಿತ್ತಿಲಲ್ಲಿ ಅಳುತ್ತಿದ್ದವಳ ಪಕ್ಕ ಬಂದು ಕೂತವನು ಪಕ್ಕದ ಮನೆಯ ನಾರ್ಮನ್. ಅರ್ಧ ಚೀಪಿದ ಪೆಪ್ಪರ್‌ಮೆಂಟನ್ನು ಜೇಬಿನಿಂದ ತೆಗೆದು ಕೊಟ್ಟಿದ್ದ.

"ನಾನು ಇನ್ಯಾವತ್ತೂ ಹೆಣ ನೋಡಲ್ಲ," ಎಂದಿದ್ದಳು ವಿನಿ.

"ನಂದೂ?"

"ನಿಂದಂತೂ ಮೊದಲೇ ನೋಡಲ್ಲ."

ಈಗ ಆ ಮಾತು ನೆನಪಾಯಿತು. ಎದುರು ಬಂದು ನಿಂತವನ ಹಣೆಗೆ ಅವಳು ಬೆರಳು ಚಾಚಿದಳು.

ಹಣೆ ಬೆಚ್ಚಗಿತ್ತು, ಬೆವರಿತ್ತು. ಬೆರಳಿಗೆ ಮಸಿ ಹತ್ತಿತು.

"ನೀನು... ಸತ್ತಿಲ್ಲ."

"ಸತ್ತೆ ಅಂತ ಯಾರು ಹೇಳಿದ್ರು?" ನಾರ್ಮನ್ ಬಕೆಟ್ ಕೆಳಗಿಟ್ಟ. ದನಿಯಲ್ಲಿ ಸಿಟ್ಟಿತ್ತು. "ಎಂಟು ವರ್ಷ ಆದ್ಮೇಲೆ ಬಂದು ಕೇಳೋ ಮಾತಾ ಇದು?"

"ನಾನೇ ಕಣ್ಣಾರೆ ನೋಡಿದೆ."

"ಏನು ನೋಡಿದೆ?"

ಅವಳು ಅಜ್ಜಿ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಏನು ನೋಡಿದ್ದಳು? ಕ್ಷಯ ಹತ್ತಿ ಎರಡು ಚಳಿಗಾಲ ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿದ್ದಳು. ಆ ನಡುವೆ ಅಜ್ಜಿಯೂ ಹೋದಳು. ಉಳಿದವನು ನಾರ್ಮನ್ ಒಬ್ಬನೇ. ಭಾನುವಾರ ಬಂದರೆ ಬಸ್ ಹತ್ತಿ ಬರುತ್ತಿದ್ದ. 'ವಾಸಿಯಾಗಿ ಬಾ, ಮದುವೆ ಆಗೋಣ' ಎನ್ನುತ್ತಿದ್ದ. ಡಾಕ್ಟರು ಹೇಳಿದ್ದಕ್ಕಿಂತ ಒಂದು ವಾರ ಮೊದಲೇ ಕಳಿಸಿಕೊಟ್ಟಾಗ, ಅವನಿಗೆ ಹೇಳದೆ ಹೋಗಿ ಬೆರಗುಗೊಳಿಸೋಣ ಎಂದು ಹೊರಟಿದ್ದಳು.

ಬಸ್ಸಿನಲ್ಲಿ ಕಂಡಕ್ಟರ್ ಯಾರಿಗೋ ಹೇಳುತ್ತಿದ್ದ. "ಗಣೀಲಿ ಚಾವಣಿ ಕುಸೀತಂತೆ. ವಯಸ್ಸಿನ ಹುಡುಗ ಹೋದ, ಪಾಪ."

ನಾರ್ಮನ್ ದುಡಿಯುತ್ತಿದ್ದುದೂ ಅದೇ ಗಣಿಯಲ್ಲಿ. ವಿನಿ ಸೂಟ್‌ಕೇಸ್ ಎಳೆದುಕೊಂಡು ಬೀದಿಯ ಮೂಲೆಗೆ ಓಡಿ ಬಂದರೆ, ನಾರ್ಮನ್ ಮನೆಯ ಮುಂಬಾಗಿಲು ತೆರೆದಿತ್ತು.

ಆ ಬೀದಿಯಲ್ಲಿ ಎಲ್ಲರ ಓಡಾಟವೂ ಹಿಂಬಾಗಿಲಲ್ಲೇ. ಮುಂಬಾಗಿಲು ತೆಗೆಯುವುದು ಎರಡಕ್ಕೆ ಮಾತ್ರ: ಹೆಣ ಹೊರಡಲಿಕ್ಕೆ, ಮದುಮಗಳು ಒಳಗೆ ಬರಲಿಕ್ಕೆ. ಮಟಮಟ ಮಧ್ಯಾಹ್ನ ಮುಂದಿನ ಕೋಣೆಯ ಪರದೆ ಎಳೆದಿತ್ತು. ನೆರೆಯವರೆಲ್ಲ ಚರ್ಚಿಗೆ ಹೋಗುವ ಬಟ್ಟೆ ತೊಟ್ಟು, ತಮ್ಮ ತಮ್ಮ ಕುರ್ಚಿ ಹೊತ್ತುಕೊಂಡು ಒಳಗೆ ಹೋಗುತ್ತಿದ್ದರು. ಗಂಡಸರು ಹೊಸ್ತಿಲಲ್ಲಿ ಟೋಪಿ ತೆಗೆದರು. ನಾರ್ಮನ್‌ನ ಹೆಟ್ಟಿ ಅತ್ತೆ ತಟ್ಟೆಗೆ ಬಟ್ಟೆ ಮುಚ್ಚಿ ಹಂದಿಮಾಂಸದ ಸ್ಯಾಂಡ್‌ವಿಚ್ ತರುತ್ತಿದ್ದಳು. ಆ ರೇಷನ್ ಕಾಲದಲ್ಲಿ ಅದನ್ನು ಸಾವಿನ ಊಟಕ್ಕೆಂದೇ ಎತ್ತಿಡುತ್ತಿದ್ದರು.

ಇನ್ನೇನು ಕೇಳಬೇಕಿತ್ತು? ಬಂದ ದಾರಿಯಲ್ಲೇ ತಿರುಗಿದ್ದಳು.

"ಒಳಗೆ ಬರೋ ಧೈರ್ಯ ಆಗಲಿಲ್ಲ," ಎಂದಳು ಈಗ. "ನಿನ್ನನ್ನ ಹಾಗೆ ಮಲಗಿಸಿರೋದು ನೋಡಿದ್ರೆ ನಾನೂ ಅಲ್ಲೇ ಹೋಗ್ತಿದ್ದೆ. ಮುಟ್ಟದೆ ಓಡಿಹೋದೆ. ಅವತ್ತಿಂದ ಕನಸಲ್ಲಿ ಬರ್ತೀಯ. ಬಾಗಿಲಲ್ಲಿ ನಿಲ್ತೀಯ, ಒಂದು ಮಾತೂ ಆಡಲ್ಲ..."

ಅವನ ಮುಖದಿಂದ ಸಿಟ್ಟು ಇಳಿದುಹೋಗಿತ್ತು.

"ವಿನಿ, ಅದು ಟೆಲಿವಿಷನ್ ಕಣೇ."

"ಏನು?"

"ನಮ್ಮ ಬೀದಿಗೇ ಮೊದಲ್ನೇದು, ಅವತ್ತೇ ತಂದಿದ್ದು. ಅವತ್ತು ಫುಟ್‌ಬಾಲ್ ಫೈನಲ್. ಬೆಳಕಿದ್ರೆ ಚಿತ್ರ ಸರಿಯಾಗಿ ಕಾಣಲ್ಲ ಅಂತ ಪರದೆ ಎಳೆದ್ವಿ. ಹಿಂಬಾಗಿಲಲ್ಲಿ ಆ ಪೆಟ್ಟಿಗೆ ಹಿಡೀಲಿಲ್ಲ, ಮುಂದಿಂದು ತೆಗೆದ್ವಿ. ಮನೇಲಿದ್ದಿದ್ದು ಎರಡು ಕುರ್ಚಿ, ಬಂದಿದ್ದು ಅರ್ಧ ಬೀದಿ, ಹಬ್ಬದ ಹಾಗೆ ಒಳ್ಳೇ ಬಟ್ಟೆ ಹಾಕ್ಕೊಂಡು. ಜನ ಕುರ್ಚಿ ಹೊತ್ಕೊಂಡು ಬರದೆ ಏನ್ಮಾಡ್ತಾರೆ?"

"ಟೋಪಿ ಯಾಕೆ ತೆಗೆದ್ರು?"

"ಹಿಂದೆ ಕೂತವರು ಬೈದ್ರು, ಕಾಣಲ್ಲ ಅಂತ."

"ಹೆಟ್ಟಿ ಅತ್ತೆ ತಟ್ಟೆ?"

"ಅತ್ತೆಗೆ ಸಾವಿಗಿಂತ ಫುಟ್‌ಬಾಲ್ ದೊಡ್ಡದು. ಮಾವನ ತಿಥಿಗೆ ಅಂತ ಇಟ್ಟಿದ್ದನ್ನೇ ತಂದುಬಿಟ್ಟಿದ್ದಳು."

"ಮತ್ತೆ ಗಣೀಲಿ ಹೋದವನು?"

"ಕೆಳಗಿನ ಬೀದಿ ಹುಡುಗ. ಅವನ ಮಣ್ಣು ಆಗಲೇ ಆಗಿತ್ತು."

ವಿನಿಗೆ ನಗು ಬಂತು. ನಗುತ್ತ ನಗುತ್ತಲೇ ಅದು ಅಳುವಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಹೇಳುವುದು ಸುಲಭ. ಪ್ರೀತಿಸಿದವನ ಮನೆಯ ಪರದೆ ಎಳೆದಿದ್ದರೆ, ಒಳಗೆ ಹೋಗಿ ಪ್ರಮಾಣಿಸುವ ಗುಂಡಿಗೆ ಯಾರಿಗಿರುತ್ತದೆ?

"ನಿನಗೆ ಫುಟ್‌ಬಾಲ್ ಅಂದ್ರೆ ಅಷ್ಟಕ್ಕಷ್ಟೇ," ಎಂದಳು ಕಣ್ಣೊರೆಸಿಕೊಂಡು. "ಅಷ್ಟು ದುಡ್ಡು ಸುರಿದು ಅದನ್ನ ಯಾಕೆ ತಂದೆ?"

ನಾರ್ಮನ್ ನೆಲ ನೋಡಿದ.

"ಮನೆಗೆ ಬಂದ್ಮೇಲೂ ನೀನು ಆರು ತಿಂಗಳು ಮಲಗೇ ಇರಬೇಕು ಅಂತ ಡಾಕ್ಟ್ರು ಹೇಳಿದ್ರಲ್ಲ. ಮುಂದಿನ ಕೋಣೇಲಿ ನಿನಗೆ ಮಂಚ ಹಾಕಿಸಿದ್ದೆ. ಮಲಗಿ ಮಲಗಿ ಬೇಜಾರಾಗಬಾರದು ಅಂತ..."

ವಿನಿಗೆ ಅರ್ಥವಾಯಿತು. ತನಗೆಂದು ತಂದ ವಸ್ತುವನ್ನು ನೋಡಲು ಜನ ಸೇರಿದ್ದರು. ಅದನ್ನೇ ಅವನ ಸಾವೆಂದುಕೊಂಡು ತಾನು ಇಷ್ಟು ಕಾಲ ಅತ್ತಿದ್ದಳು.

"ಹೆಟ್ಟಿ ಅತ್ತೆ ಮೂಲೇಲಿ ನಿನ್ನ ನೋಡಿದ್ಲಂತೆ, ಕೂಗಿದ್ರೂ ನೀನು ತಿರುಗಲಿಲ್ವಂತೆ," ಎಂದ ಅವನು. "ಈ ಮಸಿ ಬೀದಿ ನೋಡಿ ನೀನು ಮನಸ್ಸು ಬದಲಾಯಿಸ್ಕೊಂಡೆ ಅಂದ್ಕೊಂಡೆ. ಆಸ್ಪತ್ರೆಗೆ ಹೋಗಿ ಕೇಳಿದೆ, ಅವರಿಗೂ ನೀನೆಲ್ಲಿ ಅಂತ ಗೊತ್ತಿರಲಿಲ್ಲ. ಆಮೇಲೆ ಬೈಕೊಂಡೆ. ತುಂಬಾ ಬೈದಿದೀನಿ ನಿನ್ನ."

"ಮದುವೆ...?" ಕೇಳಬಾರದೆಂದುಕೊಂಡರೂ ಕೇಳಿಬಿಟ್ಟಳು.

"ಬೈಯೋಕೆ ನೀನೊಬ್ಬಳೇ ಸಾಕಾಗಿದ್ದೆ."

"ಬೈಕೊಂಡು ಈ ಹಾಳು ಬೀದೀಲಿ ಒಬ್ಬನೇ ಯಾಕಿದೀಯ? ಎಲ್ಲರೂ ಹೋದರಲ್ಲ."

"ನನಗೂ ಹೊಸ ಮನೆ ಬೀಗದ ಕೈ ಕೊಟ್ಟು ತಿಂಗಳಾಯ್ತು. ಹೋಗೋಕೆ ಕಾಲು ಬರಲಿಲ್ಲ." ಅವನು ತನ್ನ ಮನೆಯ ಕಡೆ ಕೈ ತೋರಿಸಿದ. "ನಿನಗೆ ಗೊತ್ತಿರೋದು ಇದೊಂದೇ ಬಾಗಿಲು. ಇದನ್ನೂ ಕೆಡವಿದ್ರೆ ನನ್ನ ಎಲ್ಲಿ ಅಂತ ಹುಡುಕ್ತೀಯ?"

ಅವಳು ಹುಡುಕುವುದೇ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಇದ್ದ. ಎರಡು ದಿನ ತಡವಾಗಿದ್ದರೆ ಈ ಬೀದಿ ಇರುತ್ತಿರಲಿಲ್ಲ, ಅವಳ ಪಾಲಿಗೆ ನಾರ್ಮನ್ ಕೊನೆಯವರೆಗೂ ಸತ್ತವನಾಗಿಯೇ ಉಳಿಯುತ್ತಿದ್ದ.

ಅವಳು ಎದ್ದು, ಅಭ್ಯಾಸಬಲದಿಂದ ಹಿತ್ತಿಲ ಓಣಿಯತ್ತ ಹೊರಟಳು.

"ಎಲ್ಲಿಗೆ?"

"ಚಹಾ ಕೊಡಲ್ವಾ? ಹಿಂಬಾಗಿಲಿಗೆ."

"ಬೇಡ. ಇಲ್ಲೇ ನಿಲ್ಲು."

ಅವನು ಓಣಿಯಲ್ಲಿ ಸುತ್ತಿ ಒಳಗೆ ಹೋದ. ಮುಂಬಾಗಿಲ ಹಿಂದೆ ಚಿಲಕ ಸರಿದ ಸದ್ದಾಯಿತು. ಅವನ ತಾಯಿಯ ಹೆಣವನ್ನು ಹೊತ್ತುಕೊಂಡು ಹೋದ ಮೇಲೆ ಯಾರೂ ಮುಟ್ಟದ ಬಾಗಿಲು. ತೇವಕ್ಕೆ ಉಬ್ಬಿ ಕಚ್ಚಿಕೊಂಡಿತ್ತು. ಅವನು ಕಾಲು ಒತ್ತಿ ಎಳೆದ, ಗೊಣಗಿದ, ಮತ್ತೆ ಎಳೆದ. ಕೊನೆಗೆ ಅದು ಕಿರುಗುಟ್ಟುತ್ತ ತೆರೆಯಿತು. ಒಳಗೆ ಮುಂದಿನ ಕೋಣೆಯ ಪರದೆ ಇನ್ನೂ ಎಳೆದೇ ಇತ್ತು.

ಕನಸಿನಲ್ಲಿ ನಿಲ್ಲುತ್ತಿದ್ದ ಜಾಗದಲ್ಲೇ ನಾರ್ಮನ್ ನಿಂತಿದ್ದ. ಈ ಸಲ ಮಾತಾಡಿದ.

"ಇದನ್ನ ಯಾತಕ್ಕೆ ತೆಗೀತಾರೆ ಅಂತ ನೆನಪಿದೆಯಾ?"

"ಎರಡಕ್ಕೆ. ಒಂದನ್ನ ಎಂಟು ವರ್ಷ ನಂಬಿದೆ."

"ಇನ್ನೊಂದು?"

ವಿನಿ ಹೊಸ್ತಿಲು ದಾಟಿ, ಅವನ ಹಣೆಯ ಮಸಿಯನ್ನು ಅಂಗೈಯಿಂದ ಒರೆಸಿದಳು.

"ಅದಕ್ಕೇ ಬಂದಿದೀನಿ. ಮೊದಲು ಆ ಪರದೆ ತೆಗಿ."