ದಾಖಲೆ ಸಂಖ್ಯೆ ೪೧೭

"ನೀವು ಹಲ್ಲು ಕಡಿಯೋ ಸದ್ದು ಕಾರಿಡಾರಿನ ತುದಿಯಿಂದಲೇ ಕೇಳ್ತು," ಎಂದ ಕ್ಯಾಪ್ಟನ್ ತೋರ್ಕೆಲ್, ತಲೆ ಎತ್ತದೆ.

"ಕೇಳಲಿ! ಗುನ್ವೋರ್ ಎಲ್ಲಿ?"

"ಕಾಫಿಗೆ. ಮೂರು ಗಂಟೆ ಅಲ್ವಾ?"

ಯುದ್ಧ ಬಂದರೂ ಮೂರು ಗಂಟೆಯ ಕಾಫಿ ಬಿಡದ ರೆಜಿಮೆಂಟ್ ಅದು. ಗುಮಾಸ್ತೆ ಗುನ್ವೋರ್ ಇರಬೇಕಾದ ದಾಖಲೆ ವಿಭಾಗದ ಕಿಟಕಿಯಲ್ಲಿ, ಅವಳು ಬರುವವರೆಗೆ ನೋಡಿಕೊಳ್ಳಲು ಕೂತಿದ್ದವನದು ಯಾವ ಮುಖ ನೋಡಬಾರದೆಂದು ಸಿಗ್ನೆ ಶಪಥ ಮಾಡಿದ್ದಳೋ ಅದೇ ಮುಖ!

ರಾಜನ ಸೈನ್ಯವಾದರೂ ಸ್ವೀಡನ್ನಿನಲ್ಲಿ ಸಾಮಾನ್ಯ ಸೈನಿಕನೂ ಜನರಲ್‌ನನ್ನು ಏಕವಚನದಲ್ಲೇ ಮಾತಾಡಿಸುತ್ತಾನೆ. ಇವರಿಬ್ಬರ ನಡುವೆ ಬಹುವಚನ ಶುರುವಾಗಿ ಮೂರು ವಾರವಾಗಿತ್ತು.

ಅದು ಶುರುವಾದ ದಿನ ತುಕಡಿಯ ಮುಖ್ಯಸ್ಥರ ಹುದ್ದೆಗೆ ಸಂದರ್ಶನವಿತ್ತು. ಮೊದಲ ಹೆಸರೇ ಲೆಫ್ಟಿನೆಂಟ್ ಸಿಗ್ನೆಯದು. ಅವಳು ಒಳಗೆ ಕಾಲಿಟ್ಟದ್ದೇ ತಡ, ಆಯ್ಕೆ ಸಮಿತಿಯಲ್ಲಿದ್ದ ತೋರ್ಕೆಲ್ ಎದ್ದು ಹೊರಗೆ ನಡೆದೇಬಿಟ್ಟ. ಹುದ್ದೆ ಬೇರೆಯವರ ಪಾಲಾಯಿತು.

'ನನ್ನ ಜೊತೆ ಒಂದು ಕೋಣೆಯಲ್ಲಿ ಕೂರೋಕೂ ಆಗಲ್ವಾ ಇವನಿಗೆ!'

ಚಳಿಗಾಲದ ತಾಲೀಮಿನಲ್ಲೂ ಅಷ್ಟೇ. ರಾತ್ರಿ ಗುಡಾರದ ಒಲೆ ಆರದಂತೆ ಕಾಯುವ ಸರದಿ ಅವಳದಾದರೂ ಎಬ್ಬಿಸದೆ ತಾನೇ ಕೂತಿರುತ್ತಿದ್ದ. ಹೆಣ್ಣೆಂಬ ತಾತ್ಸಾರ, ಮತ್ತೇನು? ಬೇರೆ ಯಾರು ಎದ್ದು ಹೋಗಿದ್ದರೂ ತನಗೆ ಇಷ್ಟು ಉರಿಯುತ್ತಿರಲಿಲ್ಲ ಎಂಬುದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ.

ಇಂದು ಮೇಲ್ಮನವಿಗೆ ಕಡೆಯ ದಿನ. 'ಕ್ಯಾಪ್ಟನ್‌ನ ದ್ವೇಷದಿಂದ ನನಗೆ ಅನ್ಯಾಯವಾಗಿದೆ' ಎಂದು ಬರೆದ ಹಾಳೆ ಕೈಯಲ್ಲಿತ್ತು. ಸಾಕ್ಷಿಯೊಂದು ಸಿಕ್ಕರೆ ಅವನ ಮೇಲೆ ವಿಚಾರಣೆ ಖಂಡಿತ.

"ಅವತ್ತು ಎದ್ದು ಹೋದಾಗ ನೀವು ಸಮಿತಿಗೆ ಕೊಟ್ಟ ಪತ್ರ ಬೇಕು. ಏನೇನು ವಿಷ ಕಾರಿದೀರೋ ನೋಡ್ಬೇಕು."

ಅವನ ಮುಖ ಬಿಳಿಚಿಕೊಂಡಿತು. "ಗುನ್ವೋರ್ ಬರಲಿ..."

"ಸರ್ಕಾರಿ ಕಾಗದ ಯಾರು ಕೇಳಿದ್ರೂ ಕೊಡ್ಬೇಕು. ಕಾನೂನು ಮರೆತುಹೋಯ್ತಾ?"

"ಇಲ್ಲ. ಕೇಳೋರು ಯಾರು, ಯಾಕೆ ಅಂತ ವಿಚಾರಿಸೋ ಹಾಗೂ ಇಲ್ಲ."

"ನಾನ್ಯಾರು ಅಂತ ನಿಮಗೆ ಚೆನ್ನಾಗೇ ಗೊತ್ತು!"

"ಹೌದು... ಅದೇ ಕಷ್ಟ ಆಗಿರೋದು."

ಹಾಳೆಯನ್ನು ಅವಳ ಮುಂದೆ ಇಟ್ಟು ಅವನು ಗೋಡೆಯ ಕಡೆ ತಿರುಗಿ ನಿಂತ.

'ದಾಖಲೆ ಸಂಖ್ಯೆ ೪೧೭. ಅಭ್ಯರ್ಥಿ ಸಿಗ್ನೆಯವರ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ನಿಯಮದಂತೆ ಸಮಿತಿಯಿಂದ ಹೊರಗುಳಿಯುತ್ತೇನೆ. ಕಾರಣ: ನಾನು ಅವರನ್ನು ಪ್ರೀತಿಸುತ್ತೇನೆ. ಇದು ಅವರಿಗೆ ತಿಳಿದಿಲ್ಲ.'

ಸಿಗ್ನೆ ಎರಡು ಸಲ ಓದಿದಳು. ಕಣ್ಣು ಮಂಜಾಯಿತು.

"ಇದನ್ನ... ದೇಶದಲ್ಲಿ ಯಾರು ಬೇಕಾದ್ರೂ ಬಂದು ಓದಬಹುದಿತ್ತು!"

"ಓದಿದಾರೆ. ಗುನ್ವೋರ್, ಕ್ಯಾಂಟೀನಿನವರು, ಎಲ್ಲಾರೂ. ನೀನೊಬ್ಬಳೇ ಬಾಕಿ."

"ಬಾಯಲ್ಲಿ ಹೇಳೋಕೆ ಏನಾಗಿತ್ತು ನಿನಗೆ?"

"ಹುದ್ದೆಯ ಆಸೆ ತೋರಿಸಿ ಕೇಳಿದ ಹಾಗಾಗ್ತಿತ್ತು. ಮೇಲ್ಮನವಿ ಗಡುವು ಮುಗೀಲಿ ಅಂತ ಕಾಯ್ತಿದ್ದೆ."

"ಮತ್ತೆ ಆ ಒಲೆ ಕಾದಿದ್ದು?"

"ನೀನು ನನ್ನ ಬೈಯದೇ ಇರ್ತಿದ್ದಿದ್ದು ನಿದ್ದೇಲಿ ಮಾತ್ರ. ಎಬ್ಬಿಸೋಕೆ ಮನಸ್ಸು ಬರ್ತಿರಲಿಲ್ಲ."

ಹುದ್ದೆ ಹೋದ ಸಂಕಟ ಹಾಗೇ ಇತ್ತು. ಅದಕ್ಕೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. ಅವಳು ಮೇಲ್ಮನವಿಗೆ ಅಡ್ಡಗೆರೆ ಎಳೆದು, ಹಾಳೆ ಮಗುಚಿ ಎರಡು ಸಾಲು ಬರೆದು ಕಿಟಕಿಯೊಳಗೆ ತಳ್ಳಿದಳು.

"ಮುದ್ರೆ ಹಾಕು. ಬಂದ ಕಾಗದಕ್ಕೆ ಹಾಕಲೇಬೇಕು."

ಅವನು ಓದಿದ. 'ಸಂಖ್ಯೆ ೪೧೭ಕ್ಕೆ ಉತ್ತರ: ಕ್ಯಾಪ್ಟನ್ ತೋರ್ಕೆಲ್‌ನ ವಿಷಯ ಬಂದರೆ ನನ್ನನ್ನೂ ಯಾವ ಸಮಿತಿಗೂ ಹಾಕಬೇಡಿ. ಕಾರಣ ಅದೇ.'

ಅವಳನ್ನೇ ನೋಡುತ್ತಾ ಮುದ್ರೆ ಒತ್ತಿದ.

"ಸೊಟ್ಟಗೆ ಬಿತ್ತು, ಸಿಗ್ನೆ..."

"ಬೀಳಲಿ ಬಿಡು. ಸ್ವೀಕಾರ ಆಯ್ತು ತಾನೇ?"

"ಆಯ್ತು."

"ಹಾಗಾದ್ರೆ ನಡಿ, ಕಾಫಿ ಆರಿಹೋಗತ್ತೆ."