ಥರ್ಮಾಮೀಟರಿಗೆ ಹಾಕಿದ ಟೋಪಿ

ಸೊಳ್ಳೆ ಎರಡನೇ ಐಸ್ ತುಂಡನ್ನು ನಾಲಿಗೆಯಡಿ ಒತ್ತಿಕೊಂಡಳು. ಅಪ್ಪನ ಹೆಜ್ಜೆ ಸದ್ದು ಕೇಳಿಸಿತು. ಕರುಂಕುರುಂ ಅಗಿದು ನುಂಗಿದಳು.

“ಬಾಯಿ ತೆಗಿ,” ಎಂದು ಅಪ್ಪ ಥರ್ಮಾಮೀಟರ್ ಇಟ್ಟರು. ಆಮೇಲೆ ತೆಗೆದು ನೋಡಿ ಹುಬ್ಬೇರಿಸಿದರು. “ಇದೇನೇ, ಮೀನಿನ ಹಾಗೆ ತಣ್ಣಗಿದೀಯ?”

“ತಣ್ಣೀರಲ್ಲಿ ಸ್ನಾನ ಮಾಡಿದೆ ಅಪ್ಪ.”

“ನೀನು? ತಣ್ಣೀರಲ್ಲಿ?”

ಅಷ್ಟರಲ್ಲಿ ಮನೆ ಮುಂದಿನ ಅಪ್ಪನ ಕಟಿಂಗ್ ಶಾಪಿನಿಂದ, ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ ಗಿರಾಕಿ ಕೂಗಿದ: “ಅಣ್ಣಾ, ಇನ್ನರ್ಧಕ್ಕೆ ನಾಳೆ ಬರಲಾ?”

ಅಪ್ಪ ಓಡಿದರು.

ಸದಾ ಕಿವಿಯ ಹತ್ತಿರ ಗುಂಯ್‌ಗುಡುವ ಮಗಳಿಗೆ ಅವರೇ ಇಟ್ಟ ಹೆಸರು ಸೊಳ್ಳೆ. ಸ್ಕೂಲ್ ಫುಟ್‌ಬಾಲ್ ಟೀಮಿಗೆ ಅವಳೇ ಗೋಲ್‌ಕೀಪರ್. ಇವತ್ತು ಫೈನಲ್. ಜ್ವರ ಎಂದು ಗೊತ್ತಾದರೆ ಅಪ್ಪ ಆಡಲು ಬಿಡುವುದಿಲ್ಲ. ಜ್ವರವಂತೂ ಇತ್ತು.

ಕಿಡ್ನಿಗಳ ನೆತ್ತಿಯ ಮೇಲೆ ಎಲ್ಲರಿಗೂ ಎರಡು ಪುಟ್ಟ ಗ್ರಂಥಿಗಳಿರುತ್ತವೆ. ಜ್ವರ ಬಂದರೆ ಅವು ತಾವಾಗಿಯೇ ಹೆಚ್ಚು ಹಾರ್ಮೋನ್ ಸುರಿಸಿ ಮೈಗೆ ಬಲ ಕೊಡುತ್ತವೆ. ಸೊಳ್ಳೆಯವು ಶುದ್ಧ ಸೋಮಾರಿಗಳು. ಅದಕ್ಕೇ ಅವಳಿಗೆ ದಿನಾ ಮಾತ್ರೆ, ಜ್ವರ ಬಂದರೆ ಡಬಲ್. “ನಿನ್ನ ಮೈ ತಾನಾಗಿ ಎಚ್ಚೆತ್ಕೊಳ್ಳಲ್ಲ ಮರಿ. ನಾವೇ ಅದರ ಕೆಲಸ ಮಾಡ್ಬೇಕು,” ಎಂದಿದ್ದರು ಡಾಕ್ಟರ್.

ಗುಟ್ಟು ರಟ್ಟಾಗದಿರಲೆಂದು ಬೆಳಿಗ್ಗೆ ಅವಳು ನುಂಗಿದ್ದು ಎಂದಿನಷ್ಟೇ.

ಮ್ಯಾಚ್ ಶುರುವಾದ ಸ್ವಲ್ಪ ಹೊತ್ತಿಗೆ ಗೋಲ್ ಕಂಬಗಳು ವಾಲತೊಡಗಿದವು. ಕಂಬಗಳು ಹಾಗೆಲ್ಲ ವಾಲುವುದಿಲ್ಲವೆಂದು ಸೊಳ್ಳೆಗೆ ಗೊತ್ತಿತ್ತು. ಕಾಲುಗಳು ಒದ್ದೆ ಟವೆಲಿನಂತಾದವು. ಬಾಲ್ ಅವಳ ಪಕ್ಕದಲ್ಲೇ ಆರಾಮಾಗಿ ಉರುಳಿಕೊಂಡು ನೆಟ್ ಸೇರಿತು.

ಅವಳ ಮೈಯೊಳಗೇನಾಗುತ್ತಿದೆ ಎಂದು ಇಡೀ ಮೈದಾನದಲ್ಲಿ ಅವಳೊಬ್ಬಳಿಗೇ ಗೊತ್ತು. ಅವಳೂ ಬಾಯಿ ಬಿಡದಿದ್ದರೆ?

ಅವಳು ತೂರಾಡುತ್ತ ಪಿ.ಟಿ. ಮಿಸ್ ಹತ್ತಿರ ಹೋದಳು. “ಮಿಸ್, ನಂಗೆ ಜ್ವರ, ಬೆಳಿಗ್ಗೆಯಿಂದ. ಐಸ್ ತಿಂದು ಥರ್ಮಾಮೀಟರಿಗೆ ಟೋಪಿ ಹಾಕಿದೆ. ಮಾತ್ರೆ ಬ್ಯಾಗಲ್ಲಿದೆ, ಡಬಲ್ ಬೇಕು. ಅಪ್ಪಂಗೆ ಫೋನ್ ಮಾಡಿ.”

ಮಿಸ್ ಮಾತ್ರೆ ಕೊಟ್ಟು, ನೆರಳಲ್ಲಿ ಮಲಗಿಸಿ, ಫೋನ್ ಮಾಡಿದರು. ಅಪ್ಪ ಬಂದಾಗ ಅವರ ಶರ್ಟಿನ ತುಂಬ ಯಾರದೋ ಕೂದಲು.

“ಎಲ್ಲಿ ನಮ್ಮ ಮೀನು?” ಎಂದರು. ನಗಲು ಹೋದರು, ನಗು ಬರಲಿಲ್ಲ. ಅವಳ ಹಣೆ ಮುಟ್ಟಿ ಪಕ್ಕದಲ್ಲಿ ಕೂತರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಸೊಳ್ಳೆಗೆ.

ಹೊತ್ತು ಕಳೆದಂತೆ ಕಂಬಗಳು ನೆಟ್ಟಗಾದವು. ಹಾಫ್ ಟೈಮ್ ಆಗುತ್ತಲೇ ಕ್ಯಾಪ್ಟನ್ ಗ್ಲೌಸ್ ಹಿಡಿದು ಓಡಿ ಬಂದಳು.

“ಲೇ ಸೊಳ್ಳೆ, ಆರಾಮಾದೆ ಅಲ್ವಾ? ನಿನ್ನ ಜಾಗಕ್ಕೆ ಬಂದ ಈ ಹೊಸಬಳು ಬಾಲ್ ಕಂಡ್ರೆ ಕಣ್ಣು ಮುಚ್ಕೋತಾಳೆ ಕಣೇ. ಲಾಸ್ಟಲ್ಲಿ ಸ್ವಲ್ಪ ಹೊತ್ತು ಬಾ, ಪ್ಲೀಸ್. ಗೆದ್ರೆ ಕಪ್ ನೀನೇ ಎತ್ತು.”

ಅಪ್ಪ ಬಾಯಿ ತೆರೆದರು. ಅದಕ್ಕೂ ಮೊದಲೇ ಸೊಳ್ಳೆ ಗ್ಲೌಸನ್ನು ಆಚೆ ತಳ್ಳಿದಳು.

“ನಾನು ಆಡಲ್ಲ.”